ಕಡೆಗೋಲಿನಿಂದ ಲೇತಿನವರೆಗೆ

ಕನ್ನಡದಲ್ಲಿ ‘ಕಡೆ’ ಎಂಬುದೊಂದು ಹಳೆಯ ಧಾತು. ಮೊಸರನ್ನು ಕಡೆದರೆ ಬೆಣ್ಣೆ. ಮರವನ್ನು ಕಡೆದರೆ ಬುಗುರಿ, ತೊಟ್ಟಿಲ ಕಾಲು. ಕಲ್ಲನ್ನು ಕಡೆದರೆ ದೇವಾಲಯದ ಕಂಬ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಕೆಲಸಗಳಿಗೆ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ಮಾತಿಗೆ ಬಡತನವಿದ್ದುದರಿಂದ ಹಾಗೆ ಮಾಡಿದರೆಂದು ತಿಳಿಯಬೇಕಾಗಿಲ್ಲ. ನೆರೆಯ ತಮಿಳಿನಲ್ಲಿಯೂ ಇದೇ ಧಾತುವಿನಿಂದ ಹುಟ್ಟಿದ ‘ಕಡೈಸಲ್’ ಎಂಬ ಪದ ಇಂದಿಗೂ ಲೇತಿನ ಕೆಲಸಕ್ಕೆ ಸಲ್ಲುತ್ತದೆ. ಹಾಗಾದರೆ ಮಜ್ಜಿಗೆಯ ಗಡಿಗೆಗೂ ಕಬ್ಬಿಣವನ್ನು ತಿರುಗಿಸಿ ಕತ್ತರಿಸುವ ಯಂತ್ರಕ್ಕೂ ಇರುವ ನಂಟು ಯಾವುದು?

ಆ ನಂಟು ಹಗ್ಗದ್ದು. ಕಡೆಗೋಲಿಗೆ ಹಗ್ಗವನ್ನು ಎರಡು ಮೂರು ಸುತ್ತು ಸುತ್ತಿ, ಎರಡು ತುದಿಗಳನ್ನೂ ಎರಡು ಕೈಗಳಲ್ಲಿ ಹಿಡಿದು ಒಮ್ಮೆ ಇತ್ತ ಒಮ್ಮೆ ಅತ್ತ ಎಳೆಯುತ್ತಾರೆ. ಕೋಲು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತದೆ. ಜಗತ್ತಿನ ಅತಿ ಹಳೆಯ ಲೇತುಗಳೂ ತಿರುಗಿದ್ದು ಹೀಗೆಯೇ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 300ರ ಸುಮಾರಿಗೆ ಸೇರಿದ ಪೆಟೊಸಿರಿಸ್ ಎಂಬವನ ಗೋರಿಯ ಗೋಡೆಯ ಮೇಲೆ ಲೇತಿನ ಚಿತ್ರವೊಂದಿದೆ. ಲೇತಿನ ಚಿತ್ರಗಳಲ್ಲಿ ಇದು ಅತ್ಯಂತ ಪ್ರಾಚೀನವೆಂದು ಹೇಳುತ್ತಾರೆ. ಅಲ್ಲಿ ಇಬ್ಬರಿದ್ದಾರೆ: ಒಬ್ಬನು ಹಗ್ಗವನ್ನು ಎಳೆದು ಮರದ ತುಂಡನ್ನು ತಿರುಗಿಸುತ್ತಾನೆ, ಇನ್ನೊಬ್ಬನು ಉಳಿಯನ್ನು ಹಿಡಿದಿದ್ದಾನೆ. ತುಂಡು ತನ್ನತ್ತ ತಿರುಗುವಾಗ ಉಳಿ ಒತ್ತಬೇಕು, ಹಿಂದಕ್ಕೆ ತಿರುಗುವಾಗ ಬಿಡಬೇಕು. ಕೆಲಸದ ಅರ್ಧ ಕಾಲ ಹೀಗೆ ಬಿಡುವಿನಲ್ಲಿಯೇ ಕಳೆಯುತ್ತದೆ. ನಮ್ಮ ದೇಶದ ಬಡಗಿಗಳೂ ಅರಗಿನ ಬಣ್ಣದ ಕುಸುರಿಯವರೂ ಬಹುಕಾಲ ಇದೇ ಕ್ರಮದಲ್ಲಿ ಕಡೆದರು. ‘ಕಡೆ’ ಎಂಬ ಧಾತು ಈ ಕೈಗಳ ಚಲನೆಯನ್ನೇ ಹೆಸರಿಸುತ್ತದೆ.

ಕಲ್ಲಿನ ಮಾತಿಗೆ ಬಂದರೆ, ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದೇವಾಲಯಗಳ ದುಂಡುಕಂಬಗಳನ್ನು ನಾವೆಲ್ಲ ನೋಡಿದ್ದೇವೆ. ಕಂಬದ ನಡುವಿಗೆ ಗಂಟೆಯ ಆಕಾರ, ಅದರ ಮೇಲೆ ಕೆಳಗೆ ಕೂದಲೆಳೆಯಷ್ಟು ಸಣ್ಣ ಸುತ್ತುಗೆರೆಗಳು. ಕಂಬ ತಿರುಗದೆ ಅಷ್ಟು ಸಮನಾದ ಗೆರೆಗಳು ಮೂಡಲಾರವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲು ಈ ಕೆಲಸಕ್ಕೆ ಒದಗಿತು. ಅಷ್ಟು ಭಾರದ ಕಂಬವನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತಿರುಗಿಸಿದರೆಂಬುದನ್ನು ಕಂಬವೇ ಹೇಳುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಇಂಥ ಕಡೆದ ಕಂಬಗಳನ್ನು ಈಗಲೂ ಮುಟ್ಟಿ ನೋಡಬಹುದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋದವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ, ಇವರ ಹೆಸರುಗಳು ವಿಗ್ರಹಗಳ ಪೀಠದಲ್ಲಿ ದೊರೆಯುತ್ತವೆ. ಶರಣರು ಕಾಯಕದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದರು: ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಜೇಡರ ದಾಸಿಮಯ್ಯ. ಆದರೆ ಕಂಬವನ್ನು ತಿರುಗಿಸಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಕಡೆತದ ಚರಿತ್ರೆಯ ಉದ್ದಕ್ಕೂ ಈ ಮೌನ ನಮ್ಮನ್ನು ಹಿಂಬಾಲಿಸುತ್ತದೆ.

ಮರವನ್ನೂ ಬಳಪದ ಕಲ್ಲನ್ನೂ ಕೈಯಲ್ಲಿ ಹಿಡಿದ ಉಳಿಯಿಂದ ಕಡೆಯಬಹುದು. ಕಬ್ಬಿಣಕ್ಕೆ ಅದು ಸಾಲದು. ಕೈ ನಡುಗುತ್ತದೆ, ಬೇಗನೆ ದಣಿಯುತ್ತದೆ. ಲೋಹ ಉಳಿಯನ್ನು ಹಿಂದಕ್ಕೆ ನೂಕುತ್ತದೆ. ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ. 1771ರಲ್ಲಿ ವೂಲಿಚ್‌ನಲ್ಲಿ ಹುಟ್ಟಿದ ಈತ ಬೀಗ ತಯಾರಿಸುವ ಜೋಸೆಫ್ ಬ್ರಾಮನ ಬಳಿ ಕೆಲಸಕ್ಕಿದ್ದು, ಕೂಲಿ ಹೆಚ್ಚಿಸೆಂದು ಕೇಳಿದಾಗ ಒಡೆಯನು ಒಪ್ಪದಿರಲು 1797ರಲ್ಲಿ ಹೊರಬಂದು ಸ್ವಂತ ಕಾರ್ಯಾಗಾರವನ್ನು ತೆರೆದನು. ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ, ಕಬ್ಬಿಣದ ಹಳಿಯ ಮೇಲೆ ಸರಿಯುವ ಗಟ್ಟಿಯಾದ ಹಿಡಿಗೆ ಕೊಟ್ಟನು. ಆ ಹಿಡಿಯನ್ನು ಉದ್ದನೆಯ ತಿರುಪಿಗೆ, ತಿರುಪನ್ನು ಹಲ್ಲುಚಕ್ರಗಳ ಮೂಲಕ ತಿರುಗುವ ಲೋಹಕ್ಕೆ ಜೋಡಿಸಿದನು. ಇವುಗಳಲ್ಲಿ ಒಂದೊಂದನ್ನು ಅವನಿಗಿಂತ ಮುಂಚೆ ಬೇರೆಯವರೂ ಯೋಚಿಸಿದ್ದುಂಟು. ಫ್ರಾನ್ಸಿನ ವೋಕನ್‌ಸನ್ 1750ರ ಸುಮಾರಿಗೇ ಲೋಹದ ಚೌಕಟ್ಟಿನ ಲೇತನ್ನು ಕಟ್ಟಿದ್ದನು. ಮಾಡ್ಸ್‌ಲೆಯ ಹೆಚ್ಚುಗಾರಿಕೆ ಇವೆಲ್ಲವನ್ನೂ ಒಂದುಗೂಡಿಸಿದುದರಲ್ಲಿ, ಅದಕ್ಕಿಂತಲೂ ಮಿಗಿಲಾಗಿ ನಿಖರತೆಯನ್ನು ಕೆಲಸಗಾರನ ನಿತ್ಯದ ನಡವಳಿಕೆಯಾಗಿ ಮಾಡಿದುದರಲ್ಲಿ ಇದೆ. ತನ್ನ ಕಾರ್ಯಾಗಾರದ ಅಳತೆಯ ಉಪಕರಣವೊಂದಕ್ಕೆ ಅವನು ‘ಲಾರ್ಡ್ ಚಾನ್ಸೆಲರ್’ ಎಂದು ಹೆಸರಿಟ್ಟಿದ್ದನು. ಅಳತೆಯ ವ್ಯಾಜ್ಯಗಳಿಗೆಲ್ಲ ಅದೇ ಕೊನೆಯ ನ್ಯಾಯಸ್ಥಾನ!

ಈಗ ಒಂದು ಪ್ರಶ್ನೆ ಏಳುತ್ತದೆ. ನೇರವಾದ ಹಳಿ ಇದ್ದರೆ ನೇರವಾಗಿ ಕಡೆಯಬಹುದು, ಸರಿ. ಮೊದಲ ನೇರವಾದ ಹಳಿಯನ್ನು ಯಾವುದರಿಂದ ಮಾಡುವುದು? ಸೊಟ್ಟಾದ ಯಂತ್ರದಿಂದ ನೆಟ್ಟಗಿನ ಯಂತ್ರ ಹುಟ್ಟುವುದೆಂತು?

ಇದಕ್ಕೆ ಮಾಡ್ಸ್‌ಲೆಯ ಕಾರ್ಯಾಗಾರದ ಪರಂಪರೆಯಲ್ಲಿ ದೊರೆತ ಉತ್ತರ ಬಹು ಸೊಗಸಾದುದು. ಅವನ ಬಳಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯಲ್ಲಿ ಅದನ್ನು ವಿವರಿಸಿದನು. ಎರಡು ಕಬ್ಬಿಣದ ಹಲಗೆಗಳನ್ನು ಒಂದಕ್ಕೊಂದು ಹೊಂದುವಂತೆ ಕೆತ್ತಿದರೆ ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಾಗಿದ್ದರೂ ಅವು ಬಟ್ಟಲು ಮುಚ್ಚಳಗಳಂತೆ ಕೂಡಿಬಿಡುತ್ತವೆ. ಮೂರು ಹಲಗೆಗಳನ್ನು ತೆಗೆದುಕೊಳ್ಳಬೇಕು. ಒಂದನೆಯದಕ್ಕೆ ಎರಡನೆಯದನ್ನೂ ಮೂರನೆಯದನ್ನೂ ಹೊಂದಿಸಿ, ಆಮೇಲೆ ಎರಡು ಮೂರನ್ನು ಪರಸ್ಪರ ಕೂಡಿಸಿ ನೋಡಬೇಕು. ಒಂದನೆಯದು ಉಬ್ಬಾಗಿದ್ದಲ್ಲಿ ಉಳಿದೆರಡೂ ತಗ್ಗಾಗಿರುತ್ತವೆ. ತಗ್ಗಿಗೆ ತಗ್ಗನ್ನು ಇಟ್ಟಾಗ ಅಂಚು ಮಾತ್ರ ತಾಗಿ ದೋಷ ಹೊರಬೀಳುತ್ತದೆ. ಮೇಲ್ಮೈಗೆ ತೆಳುವಾಗಿ ಬಣ್ಣ ಸವರಿ, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ಚೂರು ಚೂರಾಗಿ ಹೆರೆದು, ಮತ್ತೆ ಕೂಡಿಸಿ, ಮತ್ತೆ ಹೆರೆಯಬೇಕು. ಮೂರೂ ಮೂರಕ್ಕೂ ಹೊಂದಿದ ದಿನ ಮೂರೂ ಸಮತಲವಾಗಿರುತ್ತವೆ. ಬೇರೆ ದಾರಿಯೇ ಅವಕ್ಕೆ ಉಳಿದಿರುವುದಿಲ್ಲ.

ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಇದು ಹೊಸ ವಿಚಾರವೆನಿಸುವುದಿಲ್ಲ. ಕವಿಯ ಸ್ವಹಸ್ತ ಪ್ರತಿ ನಮಗೆ ಸಿಕ್ಕುವುದಿಲ್ಲ. ಸಿಕ್ಕುವ ಓಲೆಗರಿಗಳಲ್ಲಿ ಪ್ರತಿಯೊಂದರಲ್ಲಿಯೂ ಲಿಪಿಕಾರನ ಸ್ಖಾಲಿತ್ಯಗಳುಂಟು. ಆದರೂ ಮೂರು ದೋಷಯುಕ್ತ ಪ್ರತಿಗಳನ್ನು ಎರಡೆರಡಾಗಿ ತಾಳೆ ನೋಡುತ್ತ ಹೋದರೆ ಯಾವ ಪ್ರತಿಯಲ್ಲಿಯೂ ಪೂರ್ತಿಯಾಗಿ ಇಲ್ಲದ ಶುದ್ಧಪಾಠಕ್ಕೆ ನಾವು ಸಮೀಪವಾಗುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರು ನಮ್ಮಂಥವರಿಗೆ ಕಲಿಸಿದ ಶಿಸ್ತು ಅದು. ಕಬ್ಬಿಣವನ್ನು ಹೆರೆಯುವವನೂ ಓಲೆಗರಿಯನ್ನು ಓದುವವನೂ ನಂಬಿರುವುದು ಒಂದನ್ನೇ: ಮಾದರಿ ಎದುರಿಗಿಲ್ಲದಿದ್ದರೂ ತಾಳ್ಮೆಯಿಂದ ತಿದ್ದುತ್ತ ಹೋದರೆ ಸರಿಯಾದುದು ದೊರೆಯುತ್ತದೆ. ಲೇತಿನ ಚರಿತ್ರೆಯೆಂದರೆ ಹೀಗೆ ತಿದ್ದಿದವರ ಚರಿತ್ರೆ.

ಈ ಚರಿತ್ರೆ ನಮ್ಮ ಸೀಮೆಗೆ ಬಂದ ಬಗೆಯನ್ನು ಇನ್ನು ನೋಡೋಣ. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೆತ್ತಿಕೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲುಮಾಡಿ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಎರಡನೆಯ ಮಹಾಯುದ್ಧದಿಂದಾಗಿ ಹೊರದೇಶದ ಯಂತ್ರಗಳು ಬರುವುದು ದುಸ್ತರವಾದ ಕಾಲದಲ್ಲಿ, 1941ರಲ್ಲಿ, ಆ ಮನೆತನದವರು ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ತಯಾರಾದುದು ಮುಖ್ಯವಾಗಿ ಲೇತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ‘ಯಂತ್ರಪುರ’ ಎಂದು ಹೆಸರಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಅರ್ಲಿಕಾನ್ ಸಂಸ್ಥೆಯ ನೆರವಿನಿಂದ ಎಚ್.ಎಂ.ಟಿ. ಆರಂಭವಾದುದು 1953ರಲ್ಲಿ, ಅಂದರೆ ಹನ್ನೆರಡು ವರ್ಷಗಳ ತರುವಾಯ. ಕಲ್ಲನ್ನು ಕಡೆದ ಊರಿನಲ್ಲಿಯೇ ಏಳು ಶತಮಾನಗಳ ಬಳಿಕ ಕಡೆಯುವ ಯಂತ್ರವನ್ನು ಮಾಡಿದರೆಂಬುದು ಕಾಕತಾಳೀಯವೇ ಇರಬಹುದು. ಆದರೂ ನೆನೆಯಲು ಹಿತವಾದ ಕಾಕತಾಳೀಯ.

ಭದ್ರಾವತಿಯ ಕಬ್ಬಿಣಕ್ಕೂ ಹರಿಹರದ ಲೇತಿಗೂ ನಡುವೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿವೆ. ಈಶಾನ್ಯಕ್ಕೆ ಸರಿದರೆ ಜಗಳೂರು. ಆಗ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಂಚಿಹೋಗಿದ್ದ ಈ ಊರುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಈ ಪೇಟೆಗಳಲ್ಲಿ ದೊಡ್ಡ ಕಾರ್ಖಾನೆಗಳನ್ನು ಹುಡುಕಬಾರದು. ರಸ್ತೆಯ ಬದಿಯಲ್ಲಿ ತಗಡಿನ ಸೂರು, ಒಳಗೆ ಒಂದು ಲೇತು, ಒಂದು ವೆಲ್ಡಿಂಗ್ ಯಂತ್ರ, ಕೊರೆಯುವ ಯಂತ್ರ. ಎಷ್ಟೋ ಕಡೆ ಮನೆಯ ಮುಂಭಾಗವೇ ಕಾರ್ಯಾಗಾರ. ಊರಿನ ಬೇಸಾಯ ಹೇಗೋ ಲೇತಿಗೆ ಬರುವ ಕೆಲಸವೂ ಹಾಗೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಯಂತ್ರದ ಅಚ್ಚು ಸವೆದು ಬರುತ್ತದೆ. ಹೊಳೆಯ ದಡದ ಹೊನ್ನಾಳಿಯಲ್ಲಿ ಪಂಪುಸೆಟ್ಟಿನದು, ಅಕ್ಕಿ ಗಿರಣಿಯದು. ನ್ಯಾಮತಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ, ಟ್ರ್ಯಾಕ್ಟರು. ಮಳೆ ಕಡಿಮೆಯಾದ ಜಗಳೂರಿನಲ್ಲಿ ಕೊಳವೆ ಬಾವಿಯೇ ಬದುಕು. ಅಲ್ಲಿ ಪಂಪಿನ ಭಾಗವೊಂದು ಹೊತ್ತಿಗೆ ರಿಪೇರಿಯಾಗದಿದ್ದರೆ ಒಂದು ಬೆಳೆಯೇ ಒಣಗುತ್ತದೆ. ಸಾವಿರದೊಂದು ಪಾಲು ಅಂಗುಲದ ವ್ಯತ್ಯಾಸ ಇಲ್ಲಿ ಅಂಕಿಯಾಗಿ ಉಳಿಯದೆ ಒಬ್ಬ ರೈತನ ವರ್ಷದ ಪ್ರಶ್ನೆಯಾಗುತ್ತದೆ.

ಇಂಥ ಕಾರ್ಯಾಗಾರಕ್ಕೆ ಬರುವ ಲೇತು ಸಾಮಾನ್ಯವಾಗಿ ಎರಡನೆಯ ಕೈಯದು, ಮೂರನೆಯ ಕೈಯದು. ಬೆಡ್ಡು ಸವೆದಿರುತ್ತದೆ, ತಿರುಪು ಸಡಿಲವಾಗಿರುತ್ತದೆ. ಹೊಸದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ಉಳಿಯುವ ಮಾರ್ಗ ತಿದ್ದುವುದು. ಲೇತಿನ ವಿಶೇಷ ಗುಣವೇನೆಂದರೆ ತನಗೆ ಬೇಕಾದ ಹೊಸ ಭಾಗಗಳಲ್ಲಿ ಬಹುಪಾಲನ್ನು ಅದು ತಾನೇ ಕಡೆದುಕೊಳ್ಳಬಲ್ಲದು. ಸುತ್ತಿಗೆ ಇನ್ನೊಂದು ಸುತ್ತಿಗೆಯನ್ನು ಹೆರಲಾರದು. ಲೇತು ತನ್ನನ್ನು ತಾನೇ ಉತ್ತಮಪಡಿಸಿಕೊಳ್ಳುತ್ತದೆ. ಈ ತಿದ್ದುಪಡಿಗಳಲ್ಲಿ ಕೆಲವನ್ನು ವಿವರವಾಗಿ ಹೇಳುವುದು ಉಚಿತ, ಏಕೆಂದರೆ ವಿವರದಲ್ಲಿಯೇ ಇವುಗಳ ಬುದ್ಧಿಯಿದೆ.

ಮೊದಲನೆಯದು, ಯಂತ್ರವನ್ನು ನೆಟ್ಟಗೆ ಕೂರಿಸುವುದು. ನೆಲ ಒಂದಿಷ್ಟು ಓರೆಯಾಗಿದ್ದರೂ ಬಿಗಿದ ಬೋಲ್ಟು ಅಷ್ಟು ದಪ್ಪನಾದ ಬೆಡ್ಡನ್ನೂ ತಿರುಚಬಲ್ಲದು. ಆಗ ಕಡೆದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಇದನ್ನು ಕಂಡುಹಿಡಿಯಲು ಬೆಲೆಬಾಳುವ ಉಪಕರಣ ಬೇಕಾಗಿಲ್ಲ. ಗೇಣುದ್ದದ ಸರಳೊಂದನ್ನು ಚಕ್ಕಿನಲ್ಲಿ ಹಿಡಿದು, ಎರಡು ಕಡೆ ಬಳೆಯಂಥ ಉಬ್ಬುಗಳನ್ನು ಉಳಿಸಿ ನಡುವಣ ಭಾಗವನ್ನು ತಗ್ಗಿಸುತ್ತಾರೆ. ಆಮೇಲೆ ಟೂಲಿನ ಅಳತೆಯನ್ನು ಬದಲಿಸದೆ ಎರಡು ಬಳೆಗಳ ಮೇಲೂ ತೆಳುವಾಗಿ ಒಮ್ಮೆ ಹಾಯಿಸುತ್ತಾರೆ. ಎರಡರ ದಪ್ಪವನ್ನೂ ಅಳೆದಾಗ ವ್ಯತ್ಯಾಸ ಕಂಡರೆ ಬಲತುದಿಯ ಕಾಲಿನ ಕೆಳಗೆ ತೆಳುವಾದ ಹಿತ್ತಾಳೆಯ ತಗಡನ್ನು ಸೇರಿಸಿ ಮತ್ತೆ ಪರೀಕ್ಷಿಸುತ್ತಾರೆ. ತನ್ನ ದೋಷವನ್ನು ಯಂತ್ರವೇ ಬರೆದು ತೋರಿಸುತ್ತದೆ. ಓದುವವನಿಗೆ ವ್ಯವಧಾನವಿರಬೇಕು, ಅಷ್ಟೆ.

ಎರಡನೆಯದು, ಬೆಡ್ಡಿನ ರಕ್ಷಣೆ. ಕಬ್ಬಿಣದ ಹುಡಿ ಎಣ್ಣೆಯೊಡನೆ ಬೆರೆತು ಕ್ಯಾರೇಜಿನ ಅಡಿಗೆ ನುಸುಳಿದರೆ ಅರದಂತೆ ಬೆಡ್ಡನ್ನು ಸವೆಸುತ್ತದೆ. ದೊಡ್ಡ ಕಾರ್ಖಾನೆಯ ಲೇತುಗಳಲ್ಲಿ ಇದನ್ನು ತಡೆಯಲು ಉಣ್ಣೆಯ ಒತ್ತುಬಟ್ಟೆಯನ್ನು ಕೂರಿಸಿರುತ್ತಾರೆ. ನಾನು ನೋಡಿದ ಒಂದು ಹಳೆಯ ಲೇತಿನಲ್ಲಿ ಆ ಜಾಗದಲ್ಲಿ ಕುರಿಯ ಉಣ್ಣೆಯ ಕಂಬಳಿಯ ತುಂಡು ಇತ್ತು. ಎರಡು ತಗಡುಗಳ ನಡುವೆ ಕಂಬಳಿಯನ್ನು ಮಡಿಸಿ ಬಿಗಿದು, ದಿನಕ್ಕೊಮ್ಮೆ ಎಣ್ಣೆ ಉಣಿಸುತ್ತಿದ್ದರು. ಕಂಬಳಿ ಎಣ್ಣೆಯನ್ನು ಹೀರಿ ಹಿಡಿಯುತ್ತದೆ, ಹುಡಿಯನ್ನು ದೂಡುತ್ತದೆ. ನಮ್ಮ ಬಯಲುಸೀಮೆಯ ಕುರುಬರ ಮಗ್ಗ ಯಂತ್ರಯುಗಕ್ಕೆ ಮಾಡಿದ ಸೇವೆಯೆಂದು ಇದನ್ನು ಕರೆಯಬಹುದು.

ಮೂರನೆಯದು ಅಳತೆಗೆ ಸಂಬಂಧಿಸಿದ್ದು. ಅಡ್ಡ ಸರಿಯುವ ತಿರುಪಿಗೆ ಅಂಗುಲಕ್ಕೆ ಹತ್ತು ಸುತ್ತು ಇದ್ದು, ಅದರ ಹಿಡಿಯ ಬಳೆಯನ್ನು ನೂರು ಭಾಗ ಮಾಡಿದರೆ ಒಂದು ಗೆರೆಗೆ ಟೂಲು ಅಂಗುಲದ ಸಾವಿರದೊಂದು ಪಾಲು ಮುಂದುವರಿಯುತ್ತದೆ. ಕಡೆಯುವ ಸರಳಿನ ದಪ್ಪ ಅದರ ಎರಡರಷ್ಟು ತಗ್ಗುತ್ತದೆ. ಹಳೆಯ ಬಳೆ ಚಿಕ್ಕದಾಗಿದ್ದು ಗೆರೆಗಳು ಮಾಸಿಹೋಗಿದ್ದರೆ ಅಗಲವಾದ ಹೊಸ ಬಳೆಯೊಂದನ್ನು ಅದೇ ಲೇತಿನಲ್ಲಿ ಕಡೆದು, ಹಲ್ಲುಚಕ್ರವೊಂದರ ಹಲ್ಲುಗಳನ್ನೇ ಎಣಿಕೆಗೆ ಆಧಾರವಾಗಿ ಇಟ್ಟುಕೊಂಡು ಗೆರೆ ಕೊರೆಯುತ್ತಾರೆ. ಬಲತುದಿಯ ಟೇಲ್‌ಸ್ಟಾಕಿನ ಕೊಳವೆಗೂ ಹೀಗೆಯೇ ಗೆರೆ ಹಾಕಿದರೆ ತೂತು ಎಷ್ಟು ಆಳವಾಯಿತೆಂಬುದು ಕೂಡಲೇ ತಿಳಿಯುತ್ತದೆ. ಬೆಡ್ಡಿಗೆ ಬಿಗಿಯುವ ಒಂದು ತಡೆಗಟ್ಟು ಇದ್ದರೆ ನೂರು ತುಂಡುಗಳನ್ನೂ ಒಂದೇ ಉದ್ದಕ್ಕೆ ಕಡೆಯಬಹುದು. ಸವೆದ ತಿರುಪಿನ ಸಡಿಲಕ್ಕಂತೂ ಮದ್ದು ಕೈಯಲ್ಲಿಯೇ ಇದೆ: ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರುವುದು, ದಾಟಿಹೋದರೆ ಪೂರ್ತಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರುವುದು.

ಕೊನೆಯದು ತೀರ ಚಿಕ್ಕದು, ಆದರೆ ಎಲ್ಲಕ್ಕಿಂತ ದೊಡ್ಡದು. ಚಕ್ಕನ್ನು ಬಿಗಿಯುವ ಕೀಲಿಯನ್ನು ಅಲ್ಲಿಯೇ ಮರೆತು ಯಂತ್ರವನ್ನು ಚಾಲೂ ಮಾಡಿದರೆ ಅದು ಕವಣೆಯ ಕಲ್ಲಿನಂತೆ ಚಿಮ್ಮುತ್ತದೆ. ಕಣ್ಣು ಹೋಗಬಹುದು, ಪ್ರಾಣವೇ ಹೋಗಬಹುದು. ಇದಕ್ಕೆ ಉಪಾಯ, ಕೀಲಿಯ ಮೂತಿಗೆ ಒಂದು ಸ್ಪ್ರಿಂಗು ಹಾಕುವುದು. ಕೈ ಒತ್ತಿ ಹಿಡಿದಿರುವವರೆಗೆ ಮಾತ್ರ ಕೀಲಿ ಕೂತಿರುತ್ತದೆ; ಕೈ ಬಿಟ್ಟೊಡನೆ ತಾನಾಗಿ ಹೊರಕ್ಕೆ ಬೀಳುತ್ತದೆ. ಮರೆಯುವುದು ಮನುಷ್ಯನ ಸ್ವಭಾವವೆಂದು ಒಪ್ಪಿಕೊಂಡು ಆ ಮರೆವನ್ನು ಕಬ್ಬಿಣದಲ್ಲಿ ತಿದ್ದಿದ ಈ ಸ್ಪ್ರಿಂಗಿನ ಬೆಲೆ ಬಹಳ ಕಡಿಮೆ. ಅದರ ಹಿಂದಿರುವ ಕರುಣೆಗೆ ಬೆಲೆ ಕಟ್ಟಲಾಗದು.

ಇಂಗ್ಲೆಂಡಿನಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಲೇತಿಟ್ಟುಕೊಂಡು ಹವ್ಯಾಸಕ್ಕಾಗಿ ದುಡಿಯುವವರ ಪರಂಪರೆಯೊಂದಿದೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ ಅಂಥವರು ತಮ್ಮ ತಮ್ಮ ತಿದ್ದುಪಡಿಗಳನ್ನು ಚಿತ್ರಸಹಿತ ಬರೆದರು. ಒಬ್ಬನು ಕಂಡದ್ದನ್ನು ಇನ್ನೊಬ್ಬನು ಓದಿದನು, ಓದಿದವನು ಅದನ್ನು ಮತ್ತಷ್ಟು ತಿದ್ದಿದನು. ನಾಟಿಂಗ್‌ಹ್ಯಾಮ್ ಬಳಿಯ ಮೈಫರ್ಡ್ ಕಾರ್ಖಾನೆ 2011ರಲ್ಲಿ ಮುಚ್ಚಿತು. ಆದರೆ ಅದರ ಪುಟ್ಟ ಲೇತುಗಳನ್ನು ಹೇಗೆ ಸುಧಾರಿಸಬೇಕೆಂಬ ತಿಳಿವು ಅಚ್ಚಿನಲ್ಲಿ ಉಳಿದಿದೆ. ಹರಿಹರದ ಕಾರ್ಖಾನೆಯೂ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಅಲ್ಲಿನ ಲೇತುಗಳು ಇಂದಿಗೂ ತಿರುಗುತ್ತಿವೆ. ಅವುಗಳನ್ನು ತಿರುಗುವಂತೆ ಇಟ್ಟಿರುವ ತಿಳಿವು ಮಾತ್ರ ಕನ್ನಡದಲ್ಲಿ ಎಲ್ಲಿಯೂ ಅಚ್ಚಾಗದೆ ಕೆಲವು ಹಿರಿಯರ ಕೈಗಳಲ್ಲಿದೆ. ಗಣಕಯಂತ್ರದ ಆಜ್ಞೆಯಂತೆ ನಡೆಯುವ ಹೊಸ ಲೇತುಗಳು ಬಂದಿವೆ, ಬರಬೇಕಾದುದೇ. ಆದರೆ ಹಳೆಯ ಲೇತು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುವ ದಿನ ಅದರ ಮೈಮೇಲೆ ಒಬ್ಬನು ಮೂವತ್ತು ವರ್ಷ ಮಾಡಿದ ತಿದ್ದುಪಡಿಗಳೂ ತೂಕಕ್ಕೆ ಹೋಗುತ್ತವೆ.

ಕಿಟೆಲ್ ಅವರ ನಿಘಂಟು ಪ್ರಕಟವಾದುದು 1894ರಲ್ಲಿ. ಆಮೇಲೆ ನಮ್ಮ ವಿದ್ವಾಂಸರು ಬೇಸಾಯದ, ಕುಂಬಾರಿಕೆಯ, ನೇಕಾರಿಕೆಯ ಮಾತುಗಳನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ್ದಾರೆ. ಲೇತಿನ ಕೊಠಡಿಗೆ ಅವರು ಹೋದದ್ದು ಕಡಿಮೆ. ಅಲ್ಲಿನ ಮಾತೆಲ್ಲ ಇಂಗ್ಲಿಷೆಂಬ ಭಾವನೆ ಇದ್ದೀತು. ಚಕ್ಕು, ಟೂಲು, ಬೆಡ್ಡು ಎಂಬ ಹೆಸರುಗಳು ಹೊರಗಿನವು, ನಿಜ. ಕ್ರಿಯೆಗಳು ನಮ್ಮವು: ಕಡೆ, ಹೆರೆ, ಕೊರೆ, ತಿದ್ದು, ಕೂರಿಸು, ಬಿಗಿ, ಸಡಿಲಿಸು. ನಾಮಪದಗಳನ್ನು ಸಾಲವಾಗಿ ತಂದು ಕ್ರಿಯಾಪದಗಳಿಂದ ದುಡಿಸಿಕೊಂಡ ಭಾಷೆಯನ್ನು ಬಡ ಭಾಷೆ ಎನ್ನಲಾಗದು.

ಆದುದರಿಂದ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಕನ್ನಡ ಕಲಿಯುವ ವಿದ್ಯಾರ್ಥಿಗಳು ಜಾನಪದ ಸಂಗ್ರಹಕ್ಕೆಂದು ದೂರದ ಹಾಡಿಗಳಿಗೆ ಹೋಗುವ ಮುನ್ನ ತಮ್ಮ ಬಸ್‌ನಿಲ್ದಾಣದ ಹಿಂದಿನ ತಗಡಿನ ಸೂರಿನೊಳಕ್ಕೆ ಒಮ್ಮೆ ಹೋಗಬೇಕು. ಅಲ್ಲಿ ನಿಂತಿರುವ ಹಿರಿಯರನ್ನು “ಯಜಮಾನರೇ, ಈ ಗೆರೆಯನ್ನು ನೀವೇ ಹಾಕಿದಿರಾ? ಏಕೆ ಹಾಕಿದಿರಿ?” ಎಂದು ಕೇಳಬೇಕು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು, ಚಿತ್ರ ಬಿಡಿಸಿಕೊಳ್ಳಬೇಕು, ಕೆಳಗೆ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ನಮೂದಿಸಬೇಕು. ಹರಿಹರದ ಕಂಬವನ್ನು ತಿರುಗಿಸಿದವನ ಹೆಸರು ನಮಗೆ ಇನ್ನು ಸಿಕ್ಕಲಾರದು. ಈಗ ತಿರುಗಿಸುತ್ತಿರುವವರ ಹೆಸರನ್ನು ಕೇಳಲು ನಮಗೆ ಇನ್ನೂ ಸಮಯವಿದೆ.